ಸಣ್ಣ ದತ್ತಿ, ದೊಡ್ಡ ಹೊಣೆ

(ಹುಮನಾಬಾದ್ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ಬಸದಿಯ ಪ್ರತಿಷ್ಠೆಯೆಂದರೆ ಊರಿನ ಔದಾರ್ಯವೆಲ್ಲ ಒಂದೇ ಕಡೆ ಹರಿದು ಬರುವ ಪುಣ್ಯಕಾಲ. ಪಂಚಕಲ್ಯಾಣದ ಒಂದೊಂದು ವಿಧಿಗೂ ಸವಾಲು ನಡೆಯುತ್ತದೆ. ಕಲಶಕ್ಕೆ ಒಬ್ಬರು, ಅಭಿಷೇಕಕ್ಕೆ ಒಬ್ಬರು, ಅನ್ನಸಂತರ್ಪಣೆಗೆ ಮತ್ತೊಬ್ಬರು ಮುಂದೆ ಬರುತ್ತಾರೆ. ವರ್ಷವೆಲ್ಲ ಬಿಡಿಕಾಸಿಗೂ ಲೆಕ್ಕ ಹಿಡಿಯುವ ವರ್ತಕನು ಆ ಐದು ದಿನ ಕೈಬಿಚ್ಚಿ ಕೊಡುತ್ತಾನೆ. ಇದು ಸಮಾಜಕ್ಕೆ ಭೂಷಣವೇ ಸರಿ. ಆದರೆ ಚಪ್ಪರ ಬಿಚ್ಚಿ, ಬಾಡಿಗೆಯ ಪಾತ್ರೆಗಳನ್ನು ಎಣಿಸಿ ಹಿಂದಿರುಗಿಸಿದ ಮೇಲೆ ಊರಿನ ಪಾಲಿಗೆ ಏನು ಉಳಿಯಬೇಕು ಎಂಬ ವಿಚಾರವನ್ನು ಚಪ್ಪರ ನಿಂತಿರುವಾಗಲೇ ಮಾಡುವುದು ಲೇಸು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ವಿಧದ ದಾನಗಳು ಸರ್ವವಿದಿತವಾಗಿವೆ. ಈ ನಾಲ್ಕರಲ್ಲಿಯೂ ಗಾತ್ರದ ಮಾತಿಲ್ಲ, ಪಾತ್ರದ ಮಾತುಂಟು. ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ಹೇಳುವಾಗ ಲಕ್ಕುಂಡಿಯ ಬ್ರಹ್ಮಜಿನಾಲಯವೂ 1007ರ ಅಲ್ಲಿಯ ಶಾಸನವೂ ಮೊದಲು ನೆನಪಿಗೆ ಬರುತ್ತವೆ. ಆದರೆ ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಸಂಗತಿ ಅದಕ್ಕಿಂತ ಕಡಿಮೆಯದಲ್ಲ. ಒಂದು ದೊಡ್ಡ ದಾನವನ್ನು ಆಕೆ ಸಾವಿರ ಸಣ್ಣ ದಾನಗಳನ್ನಾಗಿ ಮಾಡಿ ಸಾವಿರ ಕೈಗಳಿಗೆ ತಲುಪಿಸಿದಳು. ಪಡೆದವರು ಓದಿದರು, ಓದಿಸಿದರು. ಕಾವ್ಯ ಉಳಿಯಿತು.

ಸಣ್ಣ ದತ್ತಿಯನ್ನು ಶಾಶ್ವತವಾಗಿಸುವ ಉಪಾಯವನ್ನೂ ಪೂರ್ವಿಕರು ಬಲ್ಲವರಾಗಿದ್ದರು. ಶ್ರವಣಬೆಳಗೊಳದ ಹದಿಮೂರನೆಯ ಶತಮಾನದ ಕೆಲವು ಶಾಸನಗಳಲ್ಲಿ ಭಕ್ತರು ಕೆಲವೇ ಗದ್ಯಾಣಗಳನ್ನು ಇರಿಸಿ, ಅದರ ಬಡ್ಡಿಯಿಂದ ಗೊಮ್ಮಟಸ್ವಾಮಿಯ ಅಭಿಷೇಕಕ್ಕೆ ನಿತ್ಯವೂ ಇಷ್ಟು ಮಾನ ಹಾಲು ಸಲ್ಲಬೇಕೆಂದು ಕಟ್ಟಳೆ ಮಾಡಿದ್ದಾರೆ. ಅಸಲು ಮುಟ್ಟುವಂತಿಲ್ಲ, ಬಡ್ಡಿ ನಿಲ್ಲುವಂತಿಲ್ಲ. ಇಲ್ಲಿಗೆ ಹತ್ತಿರದ ಬಸವಕಲ್ಯಾಣ ಕಲ್ಯಾಣಿ ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದ ಶಾಸನಗಳಲ್ಲಿ ಐನೂರ್ವರು ಮೊದಲಾದ ವರ್ತಕ ಸಂಘಗಳು ಗಾಣಕ್ಕೆ ಇಷ್ಟು ಎಣ್ಣೆ, ಹೇರಿಗೆ ಇಷ್ಟು ಎಲೆ ಎಂದು ತಮಗೆ ತಾವೇ ವಿಧಿಸಿಕೊಂಡ ಕೊಡುಗೆಗಳು ಕಾಣುತ್ತವೆ. ಯಾರೊಬ್ಬರಿಗೂ ಹೊರೆಯಾಗದ ಆ ಎಣ್ಣೆಯಿಂದ ದೇಗುಲದ ನಂದಾದೀಪ ಉರಿಯುತ್ತಿತ್ತು.

ಈ ಭಾಗದ ಗಂಜುಗಳಲ್ಲಿ ಹಿಂದೆ ನಡೆದುಬಂದ ‘ಧರ್ಮಾದಾಯ’ವೂ ಅದೇ ವಂಶದ್ದು. ಚೀಲಕ್ಕೆ ಇಷ್ಟೆಂದು ಮುರಿದುಕೊಂಡ ಹಣದಿಂದ ಅರವಟ್ಟಿಗೆ, ಧರ್ಮಶಾಲೆ, ಪಾಠಶಾಲೆಗಳು ನಡೆಯುತ್ತಿದ್ದುವು. ಅಡತಿ ಅಂಗಡಿಗಳ ಹೆಸರಿಗೆ ಕೀರ್ತಿ ಬಂದಿತಾದರೂ ಆ ಕಾಸು ಹೊರಟದ್ದು ತೊಗರಿ, ಜೋಳ ತಂದ ರೈತನ ಪಟ್ಟಿಯಿಂದ ಎಂಬುದನ್ನು ಮರೆಯಲಾಗದು. ನಿಯಂತ್ರಿತ ಮಾರುಕಟ್ಟೆಯ ಕಾಯಿದೆಗಳು ಬಂದು, ರೈತನ ಹಣದಲ್ಲಿ ಇಂಥ ಮುರಿತಗಳಿಗೆ ತಡೆ ಹಾಕಿದುವು. ಅದು ನ್ಯಾಯವೇ ಆಯಿತು. ಆದರೆ ಅದರೊಂದಿಗೆ ಊರಿನ ಸಣ್ಣ ಕೆಲಸಗಳಿಗೆ ಸಣ್ಣ ಹಣ ದೊರೆಯುತ್ತಿದ್ದ ಒಂದು ಬಾಗಿಲೂ ಮುಚ್ಚಿತು. ಆ ಬಾಗಿಲನ್ನು ತಮ್ಮ ಸ್ವಂತ ಹಣದಿಂದ ಮತ್ತೆ ತೆರೆಯುವ ಹೊಣೆ ವರ್ತಕರ ಮೇಲೆ ಬಾಕಿಯಾಗಿಯೇ ಉಳಿದಿದೆ.

ಸಣ್ಣ ಹಣದಿಂದ ಆಗುವುದಾದರೂ ಏನು ಎಂದು ಕೇಳುವವರುಂಟು. ಇದಕ್ಕೆ ಉತ್ತರ ಕರ್ನಾಟಕದ ಮಣ್ಣಿನಲ್ಲಿಯೇ ಇದೆ. 1968ರಲ್ಲಿ ಸ್ಥಾಪಿತವಾದ ಮೈರಾಡ ಎಂಬ ಸೇವಾಸಂಸ್ಥೆ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದಾಗ, 1984-85ರ ಸುಮಾರಿಗೆ, ಕೆಲವು ದೊಡ್ಡ ಸಹಕಾರ ಸಂಘಗಳು ಮುಖಂಡರ ಮೇಲಿನ ಅವಿಶ್ವಾಸದಿಂದ ಒಡೆದುಹೋದುವು. ಸದಸ್ಯರಲ್ಲಿ ಕೆಲವರು ಬಂದು, ‘ಸಾಲವನ್ನು ಸಂಘಕ್ಕೆ ಕಟ್ಟುವುದಿಲ್ಲ, ನಿಮಗೇ ಕಟ್ಟುತ್ತೇವೆ’ ಎಂದರು. ‘ನಮಗೆ ಬೇಡ, ಪರಸ್ಪರ ನಂಬಿಕೆಯುಳ್ಳ ನಿಮ್ಮ ಸಣ್ಣ ಗುಂಪಿಗೇ ಕಟ್ಟಿಕೊಳ್ಳಿ’ ಎಂಬ ಅಭಿಪ್ರಾಯದ ಉತ್ತರ ಅವರಿಗೆ ದೊರೆಯಿತು. ಹೀಗೆ ಹುಟ್ಟಿದ ಗುಂಪುಗಳ ಉಳಿತಾಯಕ್ಕೆ ಜೊತೆಗೂಡಿಸಲೆಂದು ನಬಾರ್ಡ್ 1987ರಲ್ಲಿ ಮೈರಾಡಕ್ಕೆ 10 ಲಕ್ಷ ರೂಪಾಯಿಗಳ ಅನುದಾನವನ್ನು ನೀಡಿತು. ಆ ಅನುಭವದ ಬಲದಿಂದ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ದೇಶದಲ್ಲಿ ಆರಂಭವಾಯಿತು. ಈಗ ದೇಶದ ಸ್ವಸಹಾಯ ಗುಂಪುಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಹತ್ತು ಲಕ್ಷದ ಬೀಜಕ್ಕೆ ಇದಕ್ಕಿಂತ ದೊಡ್ಡ ರಾಶಿಯನ್ನು ಯಾವ ಕಣದಲ್ಲಿಯೂ ಕಂಡವರಿಲ್ಲ.

ಬೀದರ್ ಜಿಲ್ಲೆ ಈ ಕಾರ್ಯದಲ್ಲಿ ಹಿಂದೆ ಬಿದ್ದಿಲ್ಲವೆಂಬುದು ಅಭಿಮಾನದ ವಿಷಯ. 1990ರ ದಶಕದ ಉತ್ತರಾರ್ಧದಿಂದ ದಿವಂಗತ ಗುರುಪಾದಪ್ಪ ನಾಗಮಾರಪಳ್ಳಿಯವರ ನೇತೃತ್ವದಲ್ಲಿ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಮೂಲಕ ಮಹಿಳಾ ಗುಂಪುಗಳನ್ನು ಕಟ್ಟಿ ಬೆಳೆಸಿತು. ಬೀದರಿನ ಈ ಪ್ರಯೋಗವನ್ನು ಹೊರನಾಡಿನ ವಿದ್ವಾಂಸರೂ ಅಧ್ಯಯನ ಮಾಡಿದರು. 2000-01ರಲ್ಲಿ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆಯನ್ನು ತಂದು, ಗುಂಪಿಗೆ 5,000 ರೂಪಾಯಿಗಳಂತೆ ಸುತ್ತುನಿಧಿಯನ್ನು ಕೊಟ್ಟಿತು. ಐದು ಸಾವಿರವೆಂದರೆ ಗಂಜಿನ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ವಾರವಾರವೂ ಕೂಡುವ, ಕೂಡಿದಾಗ ಉಳಿಸುವ, ಉಳಿಸಿದ್ದನ್ನು ಪುಸ್ತಕದಲ್ಲಿ ಬರೆಯುವ ಹದಿನೈದಿಪ್ಪತ್ತು ಮಂದಿ ಸೋದರಿಯರ ಕೈಯಲ್ಲಿ ಅದು ಒಬ್ಬರಿಂದ ಒಬ್ಬರಿಗೆ ಸುತ್ತಿ, ಒಬ್ಬಳಿಗೆ ಆಡು, ಒಬ್ಬಳಿಗೆ ಹೊಲಿಗೆ ಯಂತ್ರ, ಇನ್ನೊಬ್ಬಳಿಗೆ ಮಗನ ಶುಲ್ಕವಾಗಿ ಒದಗಬಲ್ಲದು.

ಸರ್ಕಾರದ ದೊಡ್ಡ ಹಣಕ್ಕೆ ಕೊರತೆಯಿಲ್ಲವಲ್ಲ ಎಂಬ ಮಾತೂ ಕೇಳಿಬರುತ್ತದೆ. 98ನೆಯ ಸಂವಿಧಾನ ತಿದ್ದುಪಡಿಯಿಂದ 371 ಜೆ ವಿಧಿ ಬಂದು, 2013ರಲ್ಲಿ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ರಚನೆಯಾಯಿತು. 2023-24ರ ಆಯವ್ಯಯದಲ್ಲಿ ಅದಕ್ಕೆ 5,000 ಕೋಟಿ ರೂಪಾಯಿಗಳನ್ನು ಘೋಷಿಸಲಾಯಿತು. ರಸ್ತೆ, ಆಸ್ಪತ್ರೆ, ಶಾಲಾ ಕಟ್ಟಡಗಳಿಗೆ ಅಂಥ ಹಣ ಬೇಕೇ ಬೇಕು. ಆದರೆ ಊರಿನ ಯುವಕರು ಹಾಳುಬಿದ್ದ ಬಾವಿಯ ಹೂಳೆತ್ತಲು ಹಗ್ಗ, ಬುಟ್ಟಿ, ಗುದ್ದಲಿಗಳಿಗೆ ಹತ್ತು ಸಾವಿರ ಕೇಳುವುದಾದರೆ ಯಾವ ಕಚೇರಿಯ ಯಾವ ಮೇಜಿನ ಮುಂದೆ ನಿಲ್ಲಬೇಕು? ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ, ನೋಂದಣಿ ಪತ್ರ, ಬಳಕೆ ಪ್ರಮಾಣಪತ್ರ ಇವೆಲ್ಲವೂ ಕೋಟಿಯ ಕೆಲಸಕ್ಕೆ ಅವಶ್ಯ. ಹತ್ತು ಸಾವಿರದ ಕೆಲಸಕ್ಕೆ ಅವನ್ನೇ ವಿಧಿಸಿದರೆ ಅರ್ಧ ಉತ್ಸಾಹ ಬೀದರಿಗೆ ಹೋಗಿಬರುವ ಬಸ್ಸಿನಲ್ಲಿಯೇ ಮುಗಿಯುತ್ತದೆ.

ಹಾಗೆಂದು ಎಲ್ಲದಕ್ಕೂ ಸಾಲವೇ ದಾರಿಯೆಂದರೂ ತಪ್ಪು. ಕಿರುಸಾಲದ ವಸೂಲಿಯ ಕಿರುಕುಳ ಮೇರೆಮೀರಿದ್ದರಿಂದ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಲಾಭ ತರುವ ಉದ್ಯೋಗಕ್ಕೆ ಸಾಲ ಸಲ್ಲುತ್ತದೆ. ಆದರೆ ಎಲ್ಲರೂ ಕುಡಿಯುವ ಬಾವಿಗೆ, ಎಲ್ಲ ಮಕ್ಕಳೂ ಓದುವ ವಾಚನಾಲಯಕ್ಕೆ ಒಬ್ಬರು ಸಾಲ ತೆಗೆದು ಬಡ್ಡಿ ಕಟ್ಟಲು ಬರುವುದಿಲ್ಲ. ಅಲ್ಲಿ ದತ್ತಿಯೇ ಬೇಕು.

ಆದರೆ ದತ್ತಿ ಬೇಜವಾಬ್ದಾರಿಗೆ ಹಾದಿಯಾಗಬಾರದು. ಕೊಟ್ಟದ್ದೆಲ್ಲ ಉಳಿಯುವುದಿಲ್ಲವೆಂಬುದನ್ನು ಲೋಕ ಕಂಡಿದೆ. ಉದ್ಘಾಟನೆಯ ಕಲ್ಲು ಗಟ್ಟಿಯಾಗಿದ್ದು, ಒಳಗಿನ ಪಂಪು ಕೆಟ್ಟು ನಿಂತ ನೀರಿನ ಘಟಕಗಳು ಯಾವ ತಾಲ್ಲೂಕಿನಲ್ಲಿಲ್ಲ? ಬೀದರ್ ಜಿಲ್ಲೆಯೂ ಸೇರಿದಂತೆ ರಾಜ್ಯದ ಕೆಲವು ಜಿಲ್ಲೆಗಳಲ್ಲಿ 2002ರಿಂದ ನಡೆದ ಜಲಸಂವರ್ಧನೆ ಯೋಜನೆಯಲ್ಲಿ ಪ್ರತಿ ಕೆರೆಗೂ ಬಳಕೆದಾರರ ಸಂಘವನ್ನು ಕಟ್ಟಿ, ಊರಿನವರು ಹಣ ಅಥವಾ ಶ್ರಮದ ರೂಪದಲ್ಲಿ ವಂತಿಗೆ ಕೊಡಬೇಕೆಂಬ ನಿಯಮವನ್ನಿಟ್ಟಿದ್ದರು. ವಂತಿಗೆ ಕೊಟ್ಟವನಿಗೆ ಕೆರೆಯ ಏರಿ ಕುಸಿದಾಗ ನೋವಾಗುತ್ತದೆ. ಪುಕ್ಕಟೆ ಪಡೆದವನಿಗೆ ಅದು ಸರ್ಕಾರದ ಏರಿ. ಇದು ಮನುಷ್ಯ ಸ್ವಭಾವ. ಕಾಯಿದೆಯಿಂದ ತಿದ್ದುವಂಥದ್ದಲ್ಲ.

ಇಷ್ಟನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಮಹಾಸಭೆಯ ಮುಂದೆ ಒಂದು ಸೂಚನೆಯನ್ನು ವಿನಯಪೂರ್ವಕ ಇಡಲಾಗುತ್ತಿದೆ. ಈ ಪ್ರತಿಷ್ಠೆಯ ನೆನಪಿಗಾಗಿ ಒಂದು ಕಿರುದತ್ತಿ ನಿಧಿ ಸ್ಥಾಪನೆಯಾಗಲಿ.

ಇಲ್ಲಿ ಒಂದು ಎಚ್ಚರಿಕೆ ಅತ್ಯವಶ್ಯ. ಭಗವಂತನಿಗೆಂದು ಸಮರ್ಪಿಸಿದ ದ್ರವ್ಯ ನಿರ್ಮಾಲ್ಯ. ಅದನ್ನು ಅನ್ಯಕಾರ್ಯಕ್ಕೆ ಬಳಸುವುದು ದೋಷ. ಜಿನಾಲಯಕ್ಕೆಂದು ಸವಾಲಿನಲ್ಲಿ ಬಂದ ಹಣದ ಒಂದು ಕಾಸನ್ನೂ ಈ ನಿಧಿಗೆ ತಿರುಗಿಸಬಾರದು. ಆದ್ದರಿಂದ ಪಾವತಿ ಪುಸ್ತಕ ಬೇರೆ, ಬ್ಯಾಂಕಿನ ಖಾತೆ ಬೇರೆ, ಕಿರ್ದಿ ಬೇರೆ ಇರಬೇಕು. ದಾನಿಯು ‘ಇದು ಊರಿನ ಕೆಲಸಕ್ಕೆ’ ಎಂದು ತಿಳಿದು, ಬರೆದುಕೊಟ್ಟ ಹಣ ಮಾತ್ರ ಇದಕ್ಕೆ ಸೇರಬೇಕು. ಹೀಗೆ ಮಾಡಿದರೆ ಧರ್ಮಕ್ಕೂ ಚ್ಯುತಿಯಿಲ್ಲ, ಮುಂದೆ ಸಮಾಜದಲ್ಲಿ ವಾದವಿವಾದಕ್ಕೂ ಆಸ್ಪದವಿಲ್ಲ.

ಲೆಕ್ಕವನ್ನು ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ. ಹತ್ತು ಲಕ್ಷ ರೂಪಾಯಿ ಅಸಲು ಕೂಡಿತೆಂದು ಭಾವಿಸಿದರೆ, ನೂರಕ್ಕೆ ಆರರಂತೆ ವರ್ಷಕ್ಕೆ ಅರವತ್ತು ಸಾವಿರ ಬಡ್ಡಿ. ಅದರಲ್ಲಿ ಹತ್ತು ಸಾವಿರವನ್ನು ಅಸಲಿಗೇ ಮರಳಿ ಸೇರಿಸಬೇಕು. ಏಕೆಂದರೆ ಬೆಲೆಗಳು ಏರುವ ಕಾಲದಲ್ಲಿ ಇದ್ದಷ್ಟೇ ಇರುವ ಅಸಲು ಒಳಗಿಂದೊಳಗೆ ಸವೆಯುತ್ತದೆ. ಉಳಿದ ಐವತ್ತು ಸಾವಿರದಿಂದ ವರ್ಷಕ್ಕೆ ಐದು ಗುಂಪುಗಳಿಗೆ ಹತ್ತು ಹತ್ತು ಸಾವಿರ. ಹತ್ತು ವರ್ಷ ಕಳೆಯುವಷ್ಟರಲ್ಲಿ ತಾಲ್ಲೂಕಿನಲ್ಲಿ ಐವತ್ತು ಕೆಲಸಗಳಾಗಿರುತ್ತವೆ. ಅಸಲೂ ಕೆಡದೆ ನಿಂತಿರುತ್ತದೆ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ಗಾದೆ ಲೆಕ್ಕದ ಮಾತೇ ಹೊರತು ಬರಿಯ ಅಲಂಕಾರವಲ್ಲ.

ಕಟ್ಟಳೆಗಳು ಕಡಿಮೆಯಿರಲಿ, ಆದರೆ ಬಿಗಿಯಾಗಿರಲಿ. ಅರ್ಜಿ ಒಂದೇ ಪುಟದ್ದು, ಕನ್ನಡದಲ್ಲಿರಲಿ; ಬರೆಯಲು ಬಾರದವರು ಬಾಯಿಯಲ್ಲಿ ಹೇಳಿದರೆ ಸಮಿತಿಯವರೇ ಬರೆದುಕೊಳ್ಳಲಿ. ಕೇಳುವವರು ಒಬ್ಬಿಬ್ಬರಾಗಿರದೆ, ಕನಿಷ್ಠ ಆರು ತಿಂಗಳು ಕೂಡಿ ಸಭೆ ನಡೆಸಿದ ಗುಂಪಾಗಿರಲಿ. ಕೆಲಸದ ನಾಲ್ಕನೆಯ ಒಂದು ಭಾಗವನ್ನು ಅವರು ಹಣದಿಂದಲೋ ದುಡಿಮೆಯಿಂದಲೋ ತುಂಬಲಿ. ಕೆಲಸ ಮುಗಿದ ಮೇಲೆ ಅದನ್ನು ಯಾರು ನೋಡಿಕೊಳ್ಳುವರು, ಕೆಟ್ಟರೆ ಯಾವ ಹಣದಿಂದ ಸರಿಪಡಿಸುವರು ಎಂಬುದನ್ನು ಮೊದಲೇ ಹೇಳಲಿ. ಹಣವನ್ನು ಎರಡು ಕಂತುಗಳಲ್ಲಿ ಕೊಡಲಿ. ಮೊದಲನೆಯದರ ಲೆಕ್ಕ ಬಂದ ಮೇಲೆ ಎರಡನೆಯದು. ಸಮಿತಿಯವರು ಒಮ್ಮೆಯಾದರೂ ಸ್ಥಳಕ್ಕೆ ಹೋಗಿ ಕಣ್ಣಾರೆ ಕಾಣಲಿ.

ಜಾತಿ, ಮತ, ಪಂಗಡಗಳ ಪ್ರಶ್ನೆ ಈ ನಿಧಿಯ ಹೊಸ್ತಿಲ ಒಳಗೆ ಬರಬಾರದು. ಹುಮನಾಬಾದ್ ವೀರಭದ್ರೇಶ್ವರನ ಜಾತ್ರೆಯ ಊರು, ಮಾಣಿಕಪ್ರಭುಗಳ ಸನ್ನಿಧಿಯ ಊರು. ಜೈನರ ಅಂಗಡಿಗಳು ನಡೆದದ್ದು ಸರ್ವ ಸಮಾಜದ ಗಿರಾಕಿಗಳಿಂದ. ಬಂದ ದಾರಿಯಲ್ಲಿಯೇ ದಾನ ಹಿಂದಿರುಗುವುದು ಉಚಿತ. ದತ್ತಿ ನೀಡುವ ಸಮಿತಿಯಲ್ಲಿ ಇಬ್ಬರಾದರೂ ಮಹಿಳೆಯರು, ಒಬ್ಬರಾದರೂ ಅನ್ಯ ಸಮಾಜದ ಹಿರಿಯರು, ಒಬ್ಬ ಶಿಕ್ಷಕರು ಇರಲಿ. ವರ್ಷಕ್ಕೊಮ್ಮೆ ಮಹಾವೀರ ಜಯಂತಿಯ ದಿನ ಜಮಾಖರ್ಚನ್ನು ಸಭೆಯಲ್ಲಿ ಗಟ್ಟಿಯಾಗಿ ಓದಲಿ. ವಿಫಲವಾದ ಕೆಲಸವನ್ನೂ ಮರೆಮಾಚದೆ ಓದಲಿ. ಐದರಲ್ಲಿ ಒಂದು ಕೆಟ್ಟರೆ ನಿಧಿ ಕೆಡಲಿಲ್ಲ; ಕೆಟ್ಟದ್ದನ್ನು ಮುಚ್ಚಿಟ್ಟರೆ ಮಾತ್ರ ನಂಬಿಕೆ ಕೆಡುತ್ತದೆ.

ದಾನಿಗಳ ಹೆಸರಿನ ಅಮೃತಶಿಲೆಯ ಫಲಕ ಬೇಕೇ ಎಂಬ ಪ್ರಶ್ನೆ ಬಂದೀತು. ಹತ್ತು ಸಾವಿರದ ಕೆಲಸಕ್ಕೆ ಎರಡು ಸಾವಿರದ ಕಲ್ಲು ನಿಲ್ಲಿಸುವುದು ವ್ಯಾಪಾರದ ದೃಷ್ಟಿಯಿಂದಲೂ ನಷ್ಟ. ಹೆಸರುಗಳು ನಿಧಿಯ ಪುಸ್ತಕದಲ್ಲಿ ಇರಲಿ, ಅಷ್ಟು ಸಾಕು. ಕೊಟ್ಟದ್ದರ ಮೇಲಿನ ‘ನನ್ನದು’ ಎಂಬ ಭಾವವನ್ನು ಬಿಡುವುದೂ ಪರಿಗ್ರಹ ತ್ಯಾಗದ ಒಂದು ಅಂಗವೇ.

ಪ್ರತಿಷ್ಠಾ ಸಮಿತಿಯವರು ಮಹೋತ್ಸವದ ಲೆಕ್ಕಪತ್ರವನ್ನು ಒಪ್ಪಿಸುವ ಸಭೆಯಲ್ಲಿಯೇ ಈ ಸೂಚನೆಯನ್ನು ವಿಚಾರಕ್ಕೆ ತೆಗೆದುಕೊಳ್ಳಲಿ. ಒಪ್ಪಿಗೆಯಾದರೆ ಅಂದೇ ಬೇರೆ ಪಾವತಿ ಪುಸ್ತಕವನ್ನು ತೆರೆಯಲಿ. ಮೊದಲ ಪಾವತಿ ಎಷ್ಟು ಚಿಕ್ಕದಾದರೂ ಚಿಂತೆಯಿಲ್ಲ, ಅದು ಸ್ವಸಂತೋಷದಿಂದ ಬಂದದ್ದಾಗಿರಲಿ. ಸರ್ವ ಜೀವರಿಗೂ ಮಂಗಲವಾಗಲಿ.

ಜೈ ಜಿನೇಂದ್ರ.