ಕಥೆಗೆ ಮನೆಮಾತೇ ತೊಟ್ಟಿಲು

(ಶತಮಾನೋತ್ಸವದ ಅಂಗವಾಗಿ ನಡೆದ ಮಕ್ಕಳ ಸಮಾರಂಭದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಐರ್ಲೆಂಡಿನ ಪುರಾಣದಲ್ಲಿ ಈಟೇನ್ ಎಂಬ ಸುಂದರಿಯೊಬ್ಬಳಿದ್ದಾಳೆ. ಸವತಿಯ ಮತ್ಸರದಿಂದ ಕೀಟರೂಪ ತಾಳಿ, ಬಿರುಗಾಳಿಗೆ ಸಿಕ್ಕಿ ಬಹುಕಾಲ ಅಲೆದು, ಕಡೆಗೆ ಒಬ್ಬಾಕೆಯ ಪಾನಪಾತ್ರೆಯಲ್ಲಿ ಬಿದ್ದು, ಆಕೆಯ ಉದರದಲ್ಲಿ ಮರಳಿ ಹೆಣ್ಣುಮಗುವಾಗಿ ಜನಿಸುತ್ತಾಳೆ. ಈ ಈಟೇನಳನ್ನು ಕುರಿತು ಕಾವ್ಯ ರಚಿಸಿ 1912ರಲ್ಲಿ ಪ್ರಕಟಿಸಿದವರು ಜೇಮ್ಸ್ ಕಸಿನ್ಸ್. ಇಂದು ಅವರ ಕಾವ್ಯವನ್ನು ಓದುವವರು ವಿರಳ. ಆದರೆ ನಮ್ಮ ಜಿಲ್ಲೆಯು ಅವರಿಗೆ ಋಣಿಯಾಗಿದೆ.

ಕಸಿನ್ಸರು 1873ರಲ್ಲಿ ಬೆಲ್‌ಫಾಸ್ಟಿನಲ್ಲಿ ಜನಿಸಿ, 1915ರಲ್ಲಿ ಪತ್ನಿ ಮಾರ್ಗರೆಟ್ಟರೊಡನೆ ಭಾರತಕ್ಕೆ ಬಂದು, ಮದನಪಲ್ಲಿಯಲ್ಲಿ ಅಧ್ಯಾಪಕರಾಗಿದ್ದು, 1956ರಲ್ಲಿ ಅಲ್ಲಿಯೇ ನಿಧನ ಹೊಂದಿದರು. 1924ರಲ್ಲಿ ಅವರು ಮೈಸೂರಿಗೆ ಬಂದಿದ್ದಾಗ, ಕುಪ್ಪಳಿಯ ತರುಣ ಪುಟ್ಟಪ್ಪನವರು ತಮ್ಮ ಇಂಗ್ಲಿಷ್ ಕವಿತೆಗಳನ್ನು ಅವರಿಗೆ ತೋರಿಸಿದರು. ಮಾತೃಭಾಷೆಯಲ್ಲಿ ಬರೆಯಬೇಕೆಂದು ಕಸಿನ್ಸರು ಸಲಹೆಯಿತ್ತರು. ಆ ತರುಣರೇ ಮುಂದೆ ಕುವೆಂಪು ಆದರು. ಹ್ಯಾಮಲಿನ್ ನಗರದ ಇಲಿಗಳ ಕಥೆಯನ್ನು ಬ್ರೌನಿಂಗ್ ಕವಿಯಿಂದ ಪಡೆದು, ಬೊಮ್ಮನಹಳ್ಳಿಯ ಕಥೆಯನ್ನಾಗಿ ಮಾಡಿ ಕನ್ನಡದ ಮಕ್ಕಳ ಕೈಗಿತ್ತರು.

ಕಸಿನ್ಸರು ಹಾಗೇಕೆ ಹೇಳಿದರು? ಅವರ ನಾಡಿನ ಬಹುಮಂದಿ ಐರಿಷ್ ನುಡಿಯನ್ನು ಕಳೆದುಕೊಂಡಿದ್ದರು. ಪೂರ್ವಿಕರ ಕಥೆಗಳನ್ನೂ ಇಂಗ್ಲಿಷಿನಲ್ಲೇ ಹೇಳಬೇಕಾಗಿತ್ತು. ಆ ನಷ್ಟವನ್ನು ಬಲ್ಲವರಾದುದರಿಂದಲೇ ಹಾಗೆಂದರೆಂದು ನಾನು ಭಾವಿಸುತ್ತೇನೆ.

ಈಗ ನನ್ನದೇ ಒಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ಪ್ರಥಮ ಪರಮಪ್ರಸಾದಕ್ಕೆ ಸಿದ್ಧಳಾಗುತ್ತಿದ್ದ ಬಾಲಕಿಯೊಬ್ಬಳು ದಯಾಳು ಸಮಾರಿತನ ಸಾಮತಿಯನ್ನು ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಒಪ್ಪಿಸಿದಳು. "ಅಜ್ಜಿಗೂ ಹೇಳಮ್ಮಾ" ಎಂದೆ. ಮಗು ತಡವರಿಸಿ ಮೌನವಾಯಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಮಗುವಿಗೆ ಇಂಗ್ಲಿಷಿನಲ್ಲೇ ಕಲಿಸಿದವನು ನಾನು. ನನಗೆ ಅದು ಸುಲಭವಾಗಿತ್ತು. ಗುರುಮಠದಲ್ಲಿ ಓದಿದ ಶಾಸ್ತ್ರವೆಲ್ಲ ಅಂದು ಆ ಅಜ್ಜಿಯ ಮುಂದೆ ತಲೆತಗ್ಗಿಸಿತು.

1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ನಾನಾ ನುಡಿಗಳ ಜನ ಬಂದರು. ನಮ್ಮ ಮನೆಗಳಲ್ಲಿ ಕೊಂಕಣಿಯಿದೆ, ತಮಿಳಿದೆ, ಮಲೆಯಾಳವಿದೆ, ಕನ್ನಡವಿದೆ. ಮಕ್ಕಳು ಇಂಗ್ಲಿಷ್ ಕಲಿಯಲಿ, ಬೇಡವೆನ್ನುವುದಿಲ್ಲ. ಆದರೆ ದಿನಕ್ಕೊಂದು ಕಥೆ ಮನೆಮಾತಿನಲ್ಲಿ ಅವರ ಕಿವಿಗೆ ಬೀಳಲಿ. ಈಟೇನಳಂತೆ ಕಥೆಯೂ ಗಾಳಿಯಲ್ಲಿ ಅಲೆಯುತ್ತದೆ. ಅದು ಮರಳಿ ಹುಟ್ಟುವುದಕ್ಕೆ ಒಂದು ಒಡಲು ಬೇಕು. ಆ ಒಡಲು ನಿಮ್ಮ ಮನೆಯಾಗಲಿ.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.