ಸಣ್ಣ ಸಂಸ್ಥಾನದ ದೊಡ್ಡ ಆಟ
(ರೇಡಿಯೋ ಭಾಷಣ)



ಅರಸರ ಆಟವನ್ನು ಚದುರಂಗದ ಮಣೆಯ ಮೇಲೆ ಆಡುವುದು ನಮ್ಮಲ್ಲಿ ಹಳೆಯ ರೂಢಿ. ಇಂದಿನ ತರುಣರು ಅದನ್ನು ಕಂಪ್ಯೂಟರಿನಲ್ಲಿ ಆಡುತ್ತಾರೆ. ಸ್ವೀಡನ್ನಿನವರು 2000ದಲ್ಲಿ ಹೊರತಂದ ‘ಯೂರೋಪಾ ಯೂನಿವರ್ಸಾಲಿಸ್’ ಎಂಬ ಆಟದಲ್ಲಿ ಆಡುವವನು ಒಂದು ರಾಜ್ಯವನ್ನು ಆರಿಸಿಕೊಂಡು ಶತಮಾನಗಳ ಕಾಲ ಆಳಬಹುದು. ನುರಿತವರು ಬೇಕೆಂದೇ ಬಡ, ಸಣ್ಣ ರಾಜ್ಯವನ್ನು ಆರಿಸುತ್ತಾರೆಂದು ಕೇಳಿದ್ದೇನೆ. ತೋಳ್ಬಲವಿಲ್ಲದಲ್ಲಿ ಬುದ್ಧಿಬಲವನ್ನೇ ನೆಚ್ಚಬೇಕಷ್ಟೆ. ಆಟದ ಸ್ವಾರಸ್ಯವಿರುವುದೂ ಅಲ್ಲಿಯೇ.

ಈ ಆಟವನ್ನು ದಿಟವಾಗಿ ಆಡಿದ ಸಂಸ್ಥಾನವೊಂದು ನಮ್ಮ ಸುಳ್ಯದ ಘಟ್ಟದ ಮೇಲೆಯೇ ಇತ್ತು. ಅದು ಹಾಲೇರಿ ವಂಶದ ಕೊಡಗು. 1780ರಲ್ಲಿ ಹೈದರಾಲಿ ಅದನ್ನು ವಶಪಡಿಸಿಕೊಂಡ. ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದ ದೊಡ್ಡವೀರರಾಜೇಂದ್ರ 1788ರಲ್ಲಿ ತಪ್ಪಿಸಿಕೊಂಡು ಬಂದು, ಟಿಪ್ಪುವಿನೆದುರು ನಿಲ್ಲಲು 1790ರಲ್ಲಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ. ಬೊಂಬಾಯಿಯ ಸೈನ್ಯಕ್ಕೆ ದಾರಿಯನ್ನೂ ಧಾನ್ಯವನ್ನೂ ಒದಗಿಸಿದ. ಕಂಪನಿ ಅವನಿಗೆ ರಕ್ಷಣೆಯನ್ನಿತ್ತು, ವರ್ಷಕ್ಕೆ 24,000 ರೂಪಾಯಿ ಕಪ್ಪವನ್ನು ಗೊತ್ತುಮಾಡಿತು. ಟಿಪ್ಪುವಿನ ಪತನಾನಂತರ ಆ ಕಪ್ಪದ ಬದಲಿಗೆ ವರ್ಷಕ್ಕೊಂದು ಆನೆ ಸಾಕೆಂದಾಯಿತು. ಸಣ್ಣ ದೊರೆಯೊಬ್ಬನಿಗೆ ಇದಕ್ಕಿಂತ ದೊಡ್ಡ ಗೆಲುವು ಬೇಕೆ?

ಆದರೆ ಗೆಲುವಿನೊಳಗೇ ಸೋಲು ಅಡಗಿತ್ತು. ಇಬ್ಬರು ಬಲಾಢ್ಯರಿರುವ ತನಕ ಮಾತ್ರ ದುರ್ಬಲನಿಗೆ ಬೆಲೆ. ಅತ್ತ ವಾಲಲೂ ಇತ್ತ ವಾಲಲೂ ಅವನಿಗೆ ಆಗ ಎಡೆಯುಂಟು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಉಳಿದವನು ಒಬ್ಬನೇ. ಅನಂತರ ಮೂವತ್ತೈದು ವರ್ಷಗಳಲ್ಲಿ, 1834ರಲ್ಲಿ, ಚಿಕ್ಕವೀರರಾಜೇಂದ್ರನನ್ನು ಕಂಪನಿ ಪದಚ್ಯುತಗೊಳಿಸಿತು.

ಇಷ್ಟು ಅರಸರ ಕಥೆ. ಅವರು ಆಡಿದ ಕಾಯಿಗಳ ಕಥೆ ಏನಾಯಿತು? ನಮ್ಮ ತುಳುನಾಡಿನ ಚೆನ್ನೆಮಣೆಯಲ್ಲಿ ಮಂಜೊಟ್ಟಿಕಾಯಿ ಗುಳಿಯಿಂದ ಗುಳಿಗೆ ಸಾಗುವಂತೆ, ಘಟ್ಟದ ಕೆಳಗಿನ ಅಮರಸುಳ್ಯ ಮಾಗಣೆ ಇಕ್ಕೇರಿಯವರಿಂದ ಕೊಡಗಿಗೆ ಸಂದಿತ್ತು. 1834ರಲ್ಲಿ ಕಂಪನಿ ಅದನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಒಕ್ಕಲಿನವರನ್ನು ಯಾರೂ ಕೇಳಲಿಲ್ಲ. ಕೊಡಗಿನ ಆಳ್ವಿಕೆಯಲ್ಲಿ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಇನ್ನು ನಗದಾಗಿ ಕಟ್ಟಬೇಕೆಂದಾಯಿತು. ಕಣಜದಲ್ಲಿ ಭತ್ತವಿದ್ದರೂ ಕೈಯಲ್ಲಿ ಕಾಸಿಲ್ಲದ ರೈತ ನಾಣ್ಯಕ್ಕಾಗಿ ಬೆಳೆಯನ್ನು ಸಿಕ್ಕಿದ ಬೆಲೆಗೆ ಮಾರಬೇಕು, ಇಲ್ಲವೆ ಸಾಲಗಾರನಾಗಬೇಕು.

1837ರಲ್ಲಿ ಕಾಯಿಗಳೇ ಎದ್ದು ನಡೆದವು. ಕೆದಂಬಾಡಿ ರಾಮಯ್ಯಗೌಡರೇ ಮೊದಲಾದವರ ಮುಂದಾಳುತನದಲ್ಲಿ ರೈತರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರಿನ ಮಾರ್ಗವಾಗಿ ಮಂಗಳೂರಿಗೆ ನಡೆದರು. ಏಪ್ರಿಲ್ 5ರಂದು ಪಟ್ಟಣ ಅವರದಾಯಿತು. ಹದಿಮೂರು ದಿನ ಅದು ಅವರ ಕೈಯಲ್ಲಿತ್ತೆಂದು ಹೇಳುತ್ತಾರೆ. ಕಂಪನಿಯ ಪಡೆ ಬಂದ ಮೇಲೆ ದಂಗೆ ಅಡಗಿತು. ಮುಖಂಡರಲ್ಲಿ ಹಲವರು ಗಲ್ಲಿಗೇರಿದರು. ಕಂಪನಿಗೆ ನೆರವಾದ ಕೊಡಗಿನವರಿಗೆ ಪದಕಗಳು ದೊರೆತವು. ನಮ್ಮ ಕಡೆ ಅದಕ್ಕೆ ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಹೆಸರು ಉಳಿಯಿತು. ಆ ಹೆಸರಿನಲ್ಲಿ ಕೇಳಿಸುವುದು ಹಗುರವಾದ ದನಿಯೇ.

ಸೋತವರ ಹೆಸರು ಬಹುಕಾಲ ಹೀಗೆಯೇ ಇರುತ್ತದೆ. ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯಗೌಡರ ಪ್ರತಿಮೆ ನಿಂತದ್ದು 2022ರಲ್ಲಿ. ಅವರ ಹಿಂದೆ ನಡೆದ ಸಾಮಾನ್ಯರಿಗೆ ಪ್ರತಿಮೆಗಳಿಲ್ಲ. ಕಂಪ್ಯೂಟರಿನ ಆಟದಲ್ಲಿ ಪ್ರಜೆಗಳ ಅಸಮಾಧಾನ ಬರಿಯ ಅಂಕೆಯಾಗಿ ಕಾಣುತ್ತದೆ; ಆ ಅಂಕೆ ಏರಿದರೆ ಆಡುವವನು ಅದನ್ನು ಇಳಿಸುವ ಉಪಾಯ ಹುಡುಕುತ್ತಾನೆ. ತರುಣರು ಆಡಲಿ, ಬೇಡವೆನ್ನಲಾರೆ. ಆದರೆ ಬೆಳ್ಳಾರೆಯ ದಾರಿಯಲ್ಲಿ ಹೋಗುವಾಗಲೊಮ್ಮೆ, ಆ ಅಂಕೆಗೆ ಹಸಿವೂ ಹೆಸರೂ ಇದ್ದುವೆಂಬುದನ್ನು ನೆನೆಯಲಿ.