ಪುಟ್ಟ ವಿಮಾನದ ಸೂಜಿ ಕವಾಟ

ಹೆಬ್ಬೆರಳಿಗಿಂತ ಹೆಚ್ಚೇನೂ ದೊಡ್ಡದಲ್ಲದ ಯಂತ್ರವೊಂದು ನಿಮಿಷಕ್ಕೆ ಸುಮಾರು 15,000 ಸುತ್ತು ತಿರುಗಿ, ಹಗುರವಾದ ಮರದ ವಿಮಾನವನ್ನು ಗಗನಕ್ಕೆ ಎತ್ತುವುದನ್ನು ಶ್ರೋತೃಗಳಲ್ಲಿ ಕೆಲವರಾದರೂ ಮೈದಾನಗಳಲ್ಲಿ ಕಂಡಿರಬಹುದು. ಅದರ ಕೂಗನ್ನಂತೂ ದೂರದಿಂದಲೇ ಕೇಳಿರಬಹುದು. ಈ ಯಂತ್ರದ ಅಂಗಗಳಲ್ಲಿ ಅತ್ಯಲ್ಪವಾದ ಸೂಜಿ ಕವಾಟವನ್ನು ಈ ಹೊತ್ತು ನಾವು ಮಾತಿಗೆ ತೆಗೆದುಕೊಂಡಿದ್ದೇವೆ.

ಕ್ಯಾಲಿಫೋರ್ನಿಯಾದ ಕಾಕ್ಸ್ ಕಂಪೆನಿಯವರು 1950ರ ದಶಕದಲ್ಲಿ ಹೊರತಂದ ‘ಬೇಬ್ ಬೀ’ ಎಂಬ ಯಂತ್ರ ಈ ಜಾತಿಗೆ ಒಳ್ಳೆಯ ನಿದರ್ಶನ. ಅದರ ಗಾತ್ರ ಒಂದು ಘನ ಅಂಗುಲದ ಸಾವಿರದಲ್ಲಿ 49 ಭಾಗ, ಎಂದರೆ ಸುಮಾರು 0.8 ಘನ ಸೆಂಟಿಮೀಟರು. ಇದು ಪೆಟ್ರೋಲು ಕುಡಿಯುವುದಿಲ್ಲ. ಮಿಥೈಲ್ ಆಲ್ಕೋಹಾಲು, ಕೊಂಚ ನೈಟ್ರೋಮೀಥೇನ್, ಜೊತೆಗೆ ನಮ್ಮ ಹರಳೆಣ್ಣೆ: ಇದು ಅದರ ಆಹಾರ. ಬಾಲ್ಯದಲ್ಲಿ ನಮ್ಮ ಮೂಗು ಹಿಡಿದು ಕುಡಿಸುತ್ತಿದ್ದ ಪದಾರ್ಥವನ್ನು ಈ ಯಂತ್ರವು ತಾನಾಗಿ ಬಯಸಿ ಕುಡಿಯುವುದನ್ನು ಕಂಡು ನಮಗೆ ಸೋಜಿಗವೇ ಆಯಿತು.

ಗಾಳಿಯು ಕಿರಿದಾದ ಕೊರಳಿನ ಮೂಲಕ ರಭಸದಿಂದ ನುಗ್ಗುವಾಗ ಅಲ್ಲಿ ಒತ್ತಡ ತಗ್ಗಿ, ಸಣ್ಣ ರಂಧ್ರದಿಂದ ಇಂಧನವನ್ನು ಸೆಳೆದುಕೊಳ್ಳುತ್ತದೆ. ಹಾಗೆ ಬರುವ ಇಂಧನದ ದಾರಿಯಲ್ಲಿ ಮೊನೆಯುಳ್ಳ ಸೂಜಿಯೊಂದು ತಿರುಪಿನ ಮೇಲೆ ಕುಳಿತಿದೆ. ಹೊರಕ್ಕೆ ತಿರುಗಿಸಿದರೆ ಇಂಧನ ಹೆಚ್ಚು, ಒಳಕ್ಕೆ ತಿರುಗಿಸಿದರೆ ಕಡಮೆ. ಕಡಮೆ ಮಾಡಿದಷ್ಟೂ ವೇಗವೇರುವುದೆಂದು ಉತ್ಸಾಹಿಯಾದ ಹುಡುಗನು ಅದನ್ನು ಒಳಕ್ಕೇ ತಿರುಗಿಸುತ್ತ ಹೋಗುತ್ತಾನೆ. ಆದರೆ ಈ ಯಂತ್ರಕ್ಕೆ ಬೇರೆ ಎಣ್ಣೆಯ ಪಾತ್ರೆಯಿಲ್ಲ. ಇಂಧನದೊಡನೆ ಬರುವ ಹರಳೆಣ್ಣೆಯೇ ಅದರ ಕೀಲೆಣ್ಣೆ. ಇಂಧನವನ್ನು ಮೊಟಕುಗೊಳಿಸಿದವನು ಎಣ್ಣೆಯನ್ನೂ, ಆಲ್ಕೋಹಾಲು ಆವಿಯಾಗುವಾಗ ಒದಗುವ ತಂಪನ್ನೂ ಒಟ್ಟಿಗೆ ಕಸಿದಂತಾಯಿತು. ಕೂಗು ತಾರಕಕ್ಕೇರಿ, ಯಂತ್ರ ಕಾದು, ಕೆಲವು ನಿಮಿಷಗಳಲ್ಲೇ ಅದರ ಆಯುಸ್ಸು ಸವೆಯುತ್ತದೆ.

ಹಳೆಯ ಯಂತ್ರಗಳಲ್ಲಿ ಮತ್ತೊಂದು ತೊಡಕಿದೆ. ತಿರುಪಿನ ಎಳೆಗಳು ಸವೆದು ಸಡಿಲವಾದಾಗ, ಆ ಸಂದಿನಿಂದ ಗಾಳಿಯು ಕಳ್ಳನಂತೆ ಇಂಧನದ ದಾರಿಗೆ ನುಸುಳುತ್ತದೆ. ಆಗ ಸೂಜಿಯನ್ನು ಎಷ್ಟು ನಾಜೂಕಾಗಿ ತಿರುಗಿಸಿದರೂ ಯಂತ್ರ ಒಮ್ಮೆ ಬಿಕ್ಕುತ್ತದೆ, ಒಮ್ಮೆ ಕಿರಿಚುತ್ತದೆ. ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ಉಪಾಯ ಅತಿ ಸರಳ. ಸೂಜಿಯ ತಲೆಯ ಕೆಳಗಿರುವ ಸ್ಪ್ರಿಂಗನ್ನು ತೆಗೆದು, ಅದರ ಸ್ಥಾನದಲ್ಲಿ ಸಿಲಿಕೋನ್ ಇಂಧನ ಕೊಳವೆಯ ತುಣುಕೊಂದನ್ನು ತೊಡಿಸುವುದು. ಯಂತ್ರ ಓಡಬೇಕಾದ ಸ್ಥಾನಕ್ಕೆ ಸೂಜಿ ಬಂದಾಗ ತುಣುಕು ತುಸುವೇ ಅದುಮಿರಬೇಕು. ತೀರ ಉದ್ದವಾದರೆ ಸೂಜಿ ಒಳಕ್ಕೆ ಇಳಿಯದು. ಗಿಡ್ಡವಾದರೆ ಗಾಳಿ ನಿಲ್ಲದು. ಅದು ಸರಿಯಾಗಿ ಕುಳಿತರೆ ಸಂದೂ ಮುಚ್ಚುತ್ತದೆ, ಕಂಪನಕ್ಕೆ ಸೂಜಿ ತಾನಾಗಿ ತಿರುಗುವುದೂ ನಿಲ್ಲುತ್ತದೆ. ತಂಬೂರಿಯ ತಂತಿಯ ಕೆಳಗೆ ನೂಲಿನೆಳೆಯನ್ನು ಕೂದಲೆಳೆಯಷ್ಟು ಸರಿಸಿ ಜೀವ ಕೂಡಿಸುವವರನ್ನು ಕಂಡವರಿಗೆ ಈ ಕೆಲಸದ ಸೂಕ್ಷ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾರ್ಪಾಡು ಬೆರಳುಗಳಿಗೆ ಸಂಬಂಧಿಸಿದ್ದು. ಆರು ಅಂಗುಲದ ರೆಕ್ಕೆಯ ತುದಿಯು ಈ ವೇಗದಲ್ಲಿ ಗಂಟೆಗೆ 400 ಕಿಲೋಮೀಟರಿಗೂ ಮಿಗಿಲಾಗಿ ಧಾವಿಸುತ್ತದೆ. ಕಣ್ಣಿಗೋ, ಮಂಜಿನ ಬಿಲ್ಲೆಯಷ್ಟೆ. ಕೆಲವು ಯಂತ್ರಗಳಲ್ಲಿ ಸೂಜಿಯ ತಲೆ ಆ ಬಿಲ್ಲೆಗೆ ಅಪಾಯಕರವಾಗಿ ಸಮೀಪದಲ್ಲಿದೆ. ಸೂಜಿಯನ್ನು ಯಂತ್ರದಿಂದ ಬಿಚ್ಚಿ, ತಲೆಗೆ ಉಕ್ಕಿನ ತಂತಿಯೊಂದನ್ನು ಬೆಸೆದು ಹಿಂದಕ್ಕೆ ಬಾಗಿಸಿದರೆ ಕೈಯನ್ನು ಹಿಂದಿನಿಂದಲೇ ತರಬಹುದು. ಮಕ್ಕಳಿರುವ ಮನೆಯಲ್ಲಿ ಮೊದಲು ಇದನ್ನೇ ಮಾಡಬೇಕೆಂಬುದು ನಮ್ಮ ಅಭಿಪ್ರಾಯ. ವೇಗದ ಮಾತು ಆಮೇಲೆ.

ಒಮ್ಮೆ ನಾವೇ ಎಡವಿದ್ದುಂಟು. ನೆಲದ ಮೇಲೆ ಅತ್ಯುಚ್ಚ ಸ್ವರಕ್ಕೆ ಸೂಜಿಯನ್ನು ಹೊಂದಿಸಿ, ಹೆಮ್ಮೆಯಿಂದ ವಿಮಾನವನ್ನು ಬಿಟ್ಟೆವು. ಅದು ಮೂಗೆತ್ತಿ ಏರತೊಡಗಿದೊಡನೆ, ಹಿಂದಿನ ಪಾತ್ರೆಯಿಂದ ಇಂಧನವು ಮೇಲಕ್ಕೆ ಹತ್ತಬೇಕಾಗಿ ಬಂದು, ಮೊದಲೇ ಕಡಮೆಯಿದ್ದುದು ಇನ್ನೂ ಕಡಮೆಯಾಯಿತು. ಸ್ವರ ಉಡುಗಿತು, ಹುಡುಗರು ಮೂರು ವಾರ ಅಂಟಿಸಿದ ರೆಕ್ಕೆ ಮೈದಾನದ ಅಂಚಿನಲ್ಲಿ ಮುರಿದು ಬಿತ್ತು. ಅಂದಿನಿಂದ ನಾವು, ಯಂತ್ರ ಓಡುತ್ತಿರುವಾಗಲೇ ವಿಮಾನದ ಮೂಗನ್ನು ನೇರ ಆಕಾಶಕ್ಕೆ ಎತ್ತಿ ಹಿಡಿದು, ಹತ್ತೆಣಿಸುವಷ್ಟು ಹೊತ್ತು ಕಿವಿಗೊಡುತ್ತೇವೆ. ಸ್ವರ ಕುಗ್ಗಿದರೆ ಸೂಜಿಯನ್ನು ಕಾಲು ಸುತ್ತಿಗೂ ಕಡಮೆ ಹೊರಕ್ಕೆ ತಿರುಗಿಸಿ ಮತ್ತೆ ಎತ್ತುತ್ತೇವೆ. ಕುಗ್ಗದಿದ್ದರೆ ಮಾತ್ರ ಕೈ ಬಿಡುತ್ತೇವೆ.